ಎರಡು–ಒಂದು ಇದ್ದದ್ದು ಸೊನ್ನೆ–ಮೂರು ಆದದ್ದು

ಟಿಮೋರಿನ ದಿಲಿ ಪಟ್ಟಣದ ಪೂರ್ವದ ಅಂಚಿನಲ್ಲಿ, ಗುಡ್ಡದ ಬುಡದ ಇಗರ್ಜಿಯಲ್ಲಿ, ಜೆಫೆರಿನೊ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದ. ಹುಟ್ಟಿದವರನ್ನು ಬರೆದ, ಮದುವೆಯಾದವರನ್ನು ಬರೆದ, ಸತ್ತವರನ್ನು ಬರೆದ. ಅವನ ಕೈಯಿಂದ ಜ್ಞಾನಸ್ನಾನದ ಚೀಟಿ ಸಿಗದೆ ಆ ಕೇರಿಯಲ್ಲಿ ಯಾರೂ ಮದುವೆಯಾಗುವಂತಿರಲಿಲ್ಲ, ಪಾಸ್‌ಪೋರ್ಟಿನ ಸಾಲಿನಲ್ಲಿ ನಿಲ್ಲುವಂತಿರಲಿಲ್ಲ. ಆಳುವವರು ಬಂದರು, ಹೋದರು. ಒಬ್ಬ ಟಿಮೋರಿನವನು ನಿಜವಾಗಿ ಹುಟ್ಟಿದ್ದಾನೆ ಎನ್ನುವುದಕ್ಕೆ ಇಗರ್ಜಿಯ ಪುಸ್ತಕದಷ್ಟು ಗಟ್ಟಿ ಸಾಕ್ಷಿ ನಮ್ಮಲ್ಲಿ ಬೇರೆ ಇರಲಿಲ್ಲ. ಇಂಥ ಕುರ್ಚಿಯಲ್ಲಿ ಕೂತವನಿಗೆ ಸೊಕ್ಕು ಬರಬೇಕು. ಜೆಫೆರಿನೊಗೆ ಬಂದದ್ದು ಬೆನ್ನುನೋವು ಮಾತ್ರ.

ತೊಂಬತ್ತೊಂಬತ್ತರಲ್ಲಿ ನಮ್ಮನ್ನು ಆಳುತ್ತಿದ್ದ ಪರರ ಸೈನ್ಯ ಊರು ಬಿಡುವಾಗ ಊರಿಗೆ ಬೆಂಕಿ ಇಟ್ಟು ಹೋಯಿತಲ್ಲ, ಆಗ ಆ ಪುಸ್ತಕಗಳೂ ಉರಿದವು. ಜೆಫೆರಿನೊನ ತಂಗಿ ಎರ್ಮೆಲಿಂಡಾಳ ಗಂಡ ಮಾರ್ಸೆಲಿನೊನನ್ನು ಕೊಂದದ್ದೂ ಅದೇ ವಾರ. ಬೂದಿ ಆರಿದ ಮೇಲೆ ಜೆಫೆರಿನೊ ಹೊಸ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಗುಡ್ಡದ ಹಳ್ಳಿಹಳ್ಳಿ ನಡೆದ. ಮೂರು ವರ್ಷ ನಡೆದ. ಬಂದವನು ಇಬ್ಬರು ದೊಡ್ಡವರನ್ನು ಕರೆತರಬೇಕು, ಅವರು ಶಿಲುಬೆಯ ಮೇಲೆ ಕೈಯಿಟ್ಟು ಇವನು ಇಂಥವನ ಮಗ, ಇಂಥ ಕಡೆ ಹುಟ್ಟಿದವನು ಎನ್ನಬೇಕು, ಅಷ್ಟಾದರೆ ಸಾಕು. ಮೇಲೆ ಪ್ರಶ್ನೆ ಕೇಳುವಂತಿಲ್ಲ. ಈ ಕಟ್ಟಳೆಯನ್ನು ಯಾವ ಬಿಷಪ್ಪರೂ ಮಾಡಲಿಲ್ಲ, ಇವನೇ ಮಾಡಿಕೊಂಡದ್ದು. ಮನೆ ಸುಟ್ಟುಕೊಂಡು ಬಂದವಳ ಹತ್ತಿರ, ಅಮ್ಮ ನಿನ್ನ ಮಗು ಹುಟ್ಟಿದ ತಾರೀಖು ಸರಿಯಾಗಿ ಹೇಳು ಎಂದು ಗದರುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ. ಹಾಗೆ ಬಾಯಿಮಾತಿನಿಂದ ಒಂಬತ್ತು ಸಾವಿರ ಜನ ಮತ್ತೆ ಹುಟ್ಟಿದರು. ನಾಲ್ಕು ವರ್ಷದ ಸೋದರಳಿಯ ಅಡೆಲಿನೊನನ್ನೂ ಹಾಗೆಯೇ ಬರೆದ.

ಅವನಿಗೆ ಇದ್ದ ಇನ್ನೊಂದು ಭಕ್ತಿ ಎಂದರೆ ನಮ್ಮ ಫುಟ್ಬಾಲ್ ತಂಡ. ಸ್ವಾತಂತ್ರ್ಯ ಬಂದ ಮರುವರ್ಷವೇ ದೇಶದ ಅಂಗಿ ತೊಟ್ಟು ಹನ್ನೊಂದು ಹುಡುಗರು ಹೋಗಿ ಮೊದಲ ಪಂದ್ಯ ಆಡಿದರು. ಮೂರು–ಎರಡರಲ್ಲಿ ಸೋತರು. ಪರವಾಗಿಲ್ಲ, ಮೊದಲನೆಯದು ಎಂದುಕೊಂಡ. ಮರುವರ್ಷ ಒಂದೇ ಪಂದ್ಯದಲ್ಲಿ ಎಂಟು ಗೋಲು ತಿಂದರು. ಆಮೇಲೆ ಸೋತರು, ಸೋತರು, ಒಮ್ಮೆ ಸಮ ಮಾಡಿಕೊಂಡರು, ಮತ್ತೆ ಸೋತರು. ರೇಡಿಯೋ ಹೇಳುವವನು ಎದುರಾಳಿಯ ಗೋಲಿಗೆ ದನಿ ಏರಿಸುವುದನ್ನೇ ಬಿಟ್ಟಿದ್ದ. ಪ್ರತಿ ಪಂದ್ಯಕ್ಕೂ ಜೆಫೆರಿನೊ ತಂಗಿಯ ಅಡುಗೆಮನೆಗೆ ಹೋಗಿ ರೇಡಿಯೋದ ಮುಂದೆ ಕೂರುತ್ತಿದ್ದ, ಅಡೆಲಿನೊ ಪಕ್ಕದಲ್ಲಿ. ಸ್ಮಶಾನಕ್ಕೆ ಹೋಗಿ ಬಂದವರ ಹಾಗೆ ಇಬ್ಬರೂ ಏಳುತ್ತಿದ್ದರು. ಎರ್ಮೆಲಿಂಡಾ ಜೋಳ ಹುರಿಯುತ್ತ, ನೀವಿಬ್ರೂ ದುಡ್ಡು ಕೊಡದೆ ಅಳೋಕೆ ಒಳ್ಳೇ ದಾರಿ ಹುಡುಕ್ಕೊಂಡಿದೀರಿ ಎನ್ನುತ್ತಿದ್ದಳು.

ಅಂಥ ಕಾಲದಲ್ಲಿ ಫುಟ್ಬಾಲಿನ ಆಫೀಸಿನಿಂದ ಅರ್ಲಿಂದೊ ಎಂಬವನು ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಮೂರು ಫೋಟೋ. ಸಮುದ್ರದಾಚೆಯ ಮೂವರು ಆಟಗಾರರ ಫೋಟೋಗಳು. ಅವರ ಅಜ್ಜಿಯರು ಇಲ್ಲಿಯವರಂತೆ, ಹಿಂದೆ ಯಾವುದೋ ಹಡಗು ಹತ್ತಿ ಹೋದವರಂತೆ. ಇಲ್ಲಿಯ ಜ್ಞಾನಸ್ನಾನದ ಚೀಟಿ ಸಿಕ್ಕರೆ ಪಾಸ್‌ಪೋರ್ಟು ಸಿಗುತ್ತದೆ, ನಮ್ಮ ತಂಡಕ್ಕೆ ಆಡುತ್ತಾರಂತೆ.

"ನಮ್ಮ ರಕ್ತಾನೇ ಅಣ್ಣಾ. ಹುಟ್ಟಿದ್ದು ಸ್ವಲ್ಪ ದೂರ, ಅಷ್ಟೆ," ಎಂದ ಅರ್ಲಿಂದೊ.

"ಸಾಕ್ಷಿಗಳು?"

"ಇಬ್ರು ಹೊರಗಡೆ ನಿಂತಿದಾರೆ. ನಿಮ್ಮ ಕಟ್ಟಳೆ ನಂಗೆ ಗೊತ್ತಿಲ್ವಾ?"

ಹೊರಗೆ ನಿಂತಿದ್ದವರು ಆ ಆಫೀಸಿನ ಡ್ರೈವರ್ ಮತ್ತು ಜವಾನ. ಅದು ಜೆಫೆರಿನೊಗೆ ಗೊತ್ತಿತ್ತು. ಶಿಲುಬೆಯ ಮೇಲೆ ಅವರ ಕೈ ನಿಂತದ್ದು ಬಿಸಿ ಹೆಂಚಿನ ಮೇಲೆ ನಿಂತಷ್ಟು ಹೊತ್ತು. ಅದನ್ನೂ ಅವನು ನೋಡಿದ. ಆದರೂ ಮೇಲೆ ಪ್ರಶ್ನೆ ಕೇಳಲಿಲ್ಲ. ಮನೆ ಸುಟ್ಟುಹೋದವರ ಮೇಲಿನ ಮರುಕದಿಂದ ಹುಟ್ಟಿದ ಆ ಕಟ್ಟಳೆಯ ಹಿಂದೆ ಅಂದು ಅವನು ಅಡಗಿ ಕೂತ. ಲಂಚ ತಿಂದಿದ್ದರೆ ಅವನನ್ನು ಉಗಿಯುವುದು ಸುಲಭವಾಗುತ್ತಿತ್ತು. ಅರ್ಲಿಂದೊನ ಕೈಯಿಂದ ಅವನು ಒಂದು ಲೋಟ ಕಾಫಿಯನ್ನೂ ಕುಡಿಯಲಿಲ್ಲ. ಇನ್ನೊಮ್ಮೆ ರೇಡಿಯೋದಲ್ಲಿ ಎಂಟು ಎಂದು ಕೇಳುವುದು ಬೇಡವಾಗಿತ್ತು, ಅಷ್ಟೆ.

ಪುಸ್ತಕದಲ್ಲಿ ದೇವತಂದೆಯ, ಅಂದರೆ ಜ್ಞಾನಸ್ನಾನದ ಹೊತ್ತಿಗೆ ಮಗುವಿಗೆ ಎರಡನೇ ಅಪ್ಪನಾಗಿ ನಿಲ್ಲುವವನ, ಹೆಸರಿಗೆ ಒಂದು ಕಾಲಂ ಇರುತ್ತದೆ. ಸಾಕ್ಷಿಗಳಿಗೆ ಯಾರ ಹೆಸರೂ ಹೊಳೆಯಲಿಲ್ಲ. ಬದುಕಿದ್ದವರನ್ನು ಹಾಕಿದರೆ ನಾಳೆ ಯಾರಾದರೂ ಹೋಗಿ ಕೇಳಿಯಾರು. ಜೆಫೆರಿನೊ ಸತ್ತವರನ್ನು ಹಾಕಿದ. ಮೂರನೆಯ ಫೋಟೋದವನಿಗೆ ಬೇರೆ ಹೆಸರು ತೋಚದೆ ಮಾರ್ಸೆಲಿನೊ ಎಂದು ಬರೆದ. ತಂಗಿಯ ಗಂಡ. ಶಾಯಿ ಒಣಗುವವರೆಗೆ ಕಿಟಕಿಯ ಕಡೆ ನೋಡುತ್ತ ಕೂತ.

ತಂಡ ಗೆಲ್ಲತೊಡಗಿತು. ಸುಳ್ಳು ಹೇಳಬಾರದು, ಖುಷಿ ಎಲ್ಲರಿಗೂ ಆಯಿತು. ಹೊರಗಿನವರು ಬಹಳ ಕಾಣ್ತಾರಲ್ಲ ಎಂದು ಕೇಳಿದವರಿಗೆ ದೇಶದ್ರೋಹಿಯ ಪಟ್ಟ ಸಿಕ್ಕಿತು. ಅರ್ಲಿಂದೊನ ಕೊರಳಿಗೆ ಕೈಮಗ್ಗದ ಶಾಲುಗಳು ಬಿದ್ದವು. ಬರಿಗಾಲಲ್ಲಿ ಕಡಲದಂಡೆಯ ಮರಳಲ್ಲಿ ಆಡಿ ಬೆಳೆದ ನಮ್ಮ ಹುಡುಗರು ಬೆಂಚಿಗೆ ಸರಿದರು. ಅವರಲ್ಲಿ ಅಡೆಲಿನೊ ಒಬ್ಬ. ಇಪ್ಪತ್ತನೇ ವಯಸ್ಸಿಗೆ ದೇಶದ ತಂಡಕ್ಕೆ ಆಯ್ಕೆಯಾದ, ಹತ್ತು ಪಂದ್ಯಕ್ಕೆ ಹೋದ, ಹತ್ತರಲ್ಲೂ ಕೂತ. ಮಗ ಏನು ಮಾಡ್ತಾನೆ ಎಂದು ಸಂತೆಯಲ್ಲಿ ಯಾರಾದರೂ ಕೇಳಿದರೆ ಎರ್ಮೆಲಿಂಡಾ, "ದೇಶದ ಪರ ಕೂರ್ತಾನೆ," ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಜೆಫೆರಿನೊಗೆ ಮಾತ್ರ ಆ ನಗು ಎಲ್ಲೋ ಚುಚ್ಚುತ್ತಿತ್ತು.

ಹನ್ನೊಂದನೆಯದು ಪರದೇಶದಲ್ಲಿ ನಡೆದ ಪಂದ್ಯ. ಎದುರಾಳಿ ಯಾರೆಂದು ಇಲ್ಲಿ ಬರೆಯುವುದಿಲ್ಲ, ಇದರಲ್ಲಿ ಅವರ ತಪ್ಪೇನೂ ಇಲ್ಲ. ಒಂದು–ಒಂದು ಇತ್ತು. ತಂದಿಟ್ಟ ಮೂವರಲ್ಲಿ ಒಬ್ಬ ಕಾಲು ಉಳುಕಿಸಿಕೊಂಡ. ಮುಗಿಯುವುದಕ್ಕೆ ಹನ್ನೆರಡು ನಿಮಿಷ ಇದ್ದಾಗ ರೇಡಿಯೋದವನು ಅಡೆಲಿನೊನ ಹೆಸರು ಹೇಳಿದ. ಎರ್ಮೆಲಿಂಡಾ ಬಾಣಲೆಯನ್ನು ಒಲೆಯಿಂದ ಇಳಿಸಿದಳು. ಎಂಬತ್ತೊಂಬತ್ತನೇ ನಿಮಿಷ, ಬಲಗಡೆಯಿಂದ ಚೆಂಡು ಎತ್ತರಕ್ಕೆ ಬಂತು, ಅಡೆಲಿನೊ ತಲೆ ಕೊಟ್ಟ. ಎರಡು–ಒಂದು. ಎಷ್ಟೋ ವರ್ಷದಲ್ಲಿ ಮೊದಲ ಸಲ ಆ ರೇಡಿಯೋದವನು ಅಡೆಲಿನೊನ ಕೇರಿಯ ಹೆಸರು ಹಿಡಿದು ಕೂಗಿದ. ಎರ್ಮೆಲಿಂಡಾ ಅಳಲಿಲ್ಲ. ಹೊರಗೆ ಹೋಗಿ ಮಾರ್ಸೆಲಿನೊ ನೆಟ್ಟಿದ್ದ ಹುಣಸೆಮರದ ಕೆಳಗೆ ಸುಮ್ಮನೆ ನಿಂತಳು.

ಆಮೇಲೆ ಅಡೆಲಿನೊ ಮತ್ತೆ ಬೆಂಚಿನಲ್ಲೇ ಕೂತ. ಈಗ ಕೂರುವುದಕ್ಕೆ ಅವನಿಗೆ ಬೇಸರವಿರಲಿಲ್ಲ. ಅವನ ಲೆಕ್ಕದಲ್ಲಿ ಒಂದು ಪಂದ್ಯ, ಒಂದು ಗೋಲು ಇತ್ತು.

ಎರಡು ವರ್ಷ ಕಳೆಯುವಷ್ಟರಲ್ಲಿ ಯಾರೋ ದೂರು ಕೊಟ್ಟರು. ಏಷ್ಯಾದ ಫುಟ್ಬಾಲಿನ ಕಡೆಯಿಂದ ವಿಚಾರಣೆ ಮಾಡುವವರು ದಿಲಿಗೆ ಬಂದರು. ಆ ಮೂವರ ಜ್ಞಾನಸ್ನಾನದ ಚೀಟಿ ಹೊರಟದ್ದು ಈ ಇಗರ್ಜಿಯಿಂದ ಎಂದು ತಿಳಿದು, ಗುರುವಾರ ಬೆಳಿಗ್ಗೆ ಬರುತ್ತೇವೆ ಎಂದು ಹೇಳಿ ಕಳಿಸಿದರು. ಹೊಸದಾಗಿ ಬಂದಿದ್ದ ಪಾದ್ರಿ ಗೌದೆನ್ಸಿಯೊ ಇನ್ನೂ ಎಳೆಯರು. ಪುಸ್ತಕ ತೆರೆದು ಆ ಪುಟದ ಮೇಲೆ ಬೆರಳಿಟ್ಟರು. ಆಮೇಲೆ ಹೇಳಿದ್ದು ಇಷ್ಟು: ನೀವು ನಿಜ ಎಂದರೆ ಅವರು ನಿಮ್ಮನ್ನು ನಂಬಬಹುದು. ಆದರೆ ಸುಳ್ಳು ಎಂದು ಅವರೇ ಬೇರೆ ಕಡೆಯಿಂದ ಕಂಡುಕೊಂಡರೆ, ಈ ಪುಸ್ತಕವನ್ನೇ ಯಾರೂ ನಂಬುವುದಿಲ್ಲ. ಒಂಬತ್ತು ಸಾವಿರ ಹೆಸರಿವೆ. ಅದರಲ್ಲಿ ವಿಧವೆಯರ ಪಿಂಚಣಿ ಇದೆ, ಅಪ್ಪ ಯಾರು ಎನ್ನುವುದಕ್ಕೆ ಬೇರೆ ಗುರುತೇ ಇಲ್ಲದ ಮಕ್ಕಳಿದ್ದಾರೆ. ಯೋಚನೆ ಮಾಡಿ.

ಬುಧವಾರ ಮಧ್ಯಾಹ್ನ ಜೆಫೆರಿನೊ ತಂಗಿಯ ಮನೆಗೆ ಹೋದ. ಅಡೆಲಿನೊ ಅಂಗಳದಲ್ಲಿ ಬೂಟಿನ ಅಟ್ಟೆ ಹೊಲಿಯುತ್ತಿದ್ದ. ಜೆಫೆರಿನೊ ನಿಂತುಕೊಂಡೇ ಎಲ್ಲ ಹೇಳಿದ, ಮಾರ್ಸೆಲಿನೊನ ಹೆಸರಿನ ವಿಷಯ ಒಂದನ್ನು ಬಿಟ್ಟು. ನಾಳೆ ನಿಜ ಹೇಳಿದರೆ ಆ ಮೂವರು ಆಡಿದ ಪಂದ್ಯಗಳನ್ನೆಲ್ಲ ಅಳಿಸುತ್ತಾರೆ, ನಾವು ಸೊನ್ನೆ–ಮೂರರಲ್ಲಿ ಸೋತೆವು ಎಂದು ಬರೆಯುತ್ತಾರೆ ಎಂದ.

ಅಡೆಲಿನೊ ಸೂಜಿಯನ್ನು ಬೂಟಿಗೆ ಚುಚ್ಚಿ ಬಿಟ್ಟ.

"ನನ್ನ ಪಂದ್ಯಾನೂ?"

"ಅದೂನೂ."

"ಮಾವಾ, ನಾನು ಇದೇ ಊರಲ್ಲಿ ಹುಟ್ಟಿದವ್ನು. ನನ್ನ ಚೀಟಿ ಸುಳ್ಳಲ್ಲ, ನನ್ನ ತಲೆ ಸುಳ್ಳಲ್ಲ. ಚೆಂಡು ನಿಜವಾಗ್ಲೂ ಒಳಗೆ ಹೋಯ್ತು."

"ಹೋಯ್ತು ಮಗಾ."

"ಹಂಗಾದ್ರೆ ನಾಳೆ ಸುಮ್ನಿರು. ನಿಂಗೆ ಸುಮ್ನಿರೋದು ಹೊಸದಲ್ಲ. ಅವತ್ತು ಸುಮ್ನಿದ್ಯಲ್ಲ, ನಾಳೆ ಒಂದಿನ ನನಗೋಸ್ಕರ ಸುಮ್ನಿರು. ನನ್ನ ಹತ್ರ ಇರೋದು ಅದೊಂದೇ."

ಜೆಫೆರಿನೊ ಅಂಗಳ ದಾಟಿ ಹೊರಟ. ಅವನು ಹುಡುಗನ ಅಂಗಿಯ ಸೊಂಟ ಹಿಡಿದು ನಡೆಯಲು ಕಲಿಸಿದವನು, ಅವನ ಅಪ್ಪನ ಜಾಗದಲ್ಲಿ ನಿಂತವನು.

ಗುರುವಾರ ಇಬ್ಬರು ಬಂದರು, ಜೊತೆಗೆ ಒಬ್ಬ ದುಭಾಷಿ. ಈ ಬರಹ ನಿಮ್ಮದೋ ಎಂದರು. ನನ್ನದು. ಈ ಮೂವರ ಜ್ಞಾನಸ್ನಾನ ಇಲ್ಲಿ ನಡೆಯಿತೋ ಎಂದರು. ಜೆಫೆರಿನೊ ಪುಸ್ತಕದ ಹಿಂದಿನ ಪುಟಗಳನ್ನು ಹಾಗೇ ಮಗುಚಿದ. ಗುಡ್ಡ ಹತ್ತಿ ಬರೆದ ಹೆಸರುಗಳು. ಕೆಲವು ಕಡೆ ಮಳೆಹನಿ ಬಿದ್ದು ಶಾಯಿ ಕದಡಿತ್ತು.

"ಇವೆಲ್ಲ ನಿಜ," ಎಂದ. "ಆ ಮೂರು ಮಾತ್ರ ಸುಳ್ಳು. ನಾನೇ ಬರೆದೆ, ಸುಳ್ಳು ಅಂತ ಗೊತ್ತಿದ್ದೇ ಬರೆದೆ."

ಒಂಬತ್ತು ಸಾವಿರ ಉಳಿಯಿತು. ಗೋಲು ಹೋಯಿತು.

ಕೊಟ್ಟ ಶಿಕ್ಷೆ ಯಾರಿಗೆ ತಟ್ಟಿತು, ನೋಡಿ. ಏಷ್ಯಾದ ದೊಡ್ಡ ಪಂದ್ಯಾವಳಿಯಿಂದ ದೇಶವನ್ನು ಹೊರಗಿಟ್ಟರು, ಪಂದ್ಯಗಳನ್ನು ಸೊನ್ನೆ–ಮೂರು ಎಂದು ತಿದ್ದಿದರು. ತಂದಿಟ್ಟ ಮೂವರು ಬೇರೆ ಬೇರೆ ದೇಶದ ಕ್ಲಬ್ಬುಗಳಿಗೆ ಹೋಗಿ ಆಡಿಕೊಂಡಿದ್ದಾರೆ, ಅವರಿಗೇನೂ ಆಗಲಿಲ್ಲ. ಅರ್ಲಿಂದೊ ಒಂದು ವರ್ಷ ತಲೆಮರೆಸಿಕೊಂಡಿದ್ದು, ಈಗ ಇನ್ನೊಂದು ಆಫೀಸಿನ ಇನ್ನೂ ದೊಡ್ಡ ಮೇಜಿನ ಹಿಂದೆ ಕೂತಿದ್ದಾನೆ. ಶಾಲುಗಳನ್ನು ಯಾರೂ ವಾಪಸು ಕೇಳಲಿಲ್ಲ. ಜೆಫೆರಿನೊನ ಕೆಲಸ ಹೋಯಿತು, ಅದು ಹೋಗಬೇಕಾದದ್ದೇ. ಆದರೆ ಅಡೆಲಿನೊ ಏನು ಮಾಡಿದ್ದ? ಹತ್ತು ಪಂದ್ಯ ಕಳ್ಳರಿಗೆ ಜಾಗ ಬಿಟ್ಟು ಕೂತ, ಹನ್ನೊಂದನೆಯದರಲ್ಲಿ ಹನ್ನೆರಡು ನಿಮಿಷ ಪ್ರಾಮಾಣಿಕವಾಗಿ ಆಡಿದ. ಕಳ್ಳರ ಪಂದ್ಯದ ಜೊತೆಗೆ ಅವನ ಹನ್ನೆರಡು ನಿಮಿಷವನ್ನೂ ಕಸದ ಬುಟ್ಟಿಗೆ ಎಸೆಯುವ ನ್ಯಾಯಕ್ಕೆ ನ್ಯಾಯ ಎಂದು ಹೆಸರಿಡಲು ಎಂಥ ಮನಸ್ಸು ಬೇಕು?

ಪತ್ರಿಕೆಯವರು ಆ ಪುಟದ ಫೋಟೋ ಹಾಕಿದರು. ಮಾರ್ಸೆಲಿನೊನ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ಎರ್ಮೆಲಿಂಡಾ ಬಂದು ಕೂಗಾಡುತ್ತಾಳೆ ಎಂದು ಜೆಫೆರಿನೊ ಕಾದ. ಅವಳು ಬರಲಿಲ್ಲ. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಎಲ್ಲರೂ ಗೋರಿಗಳಿಗೆ ಹೂ ಚೆಲ್ಲಿ ಮೇಣದಬತ್ತಿ ಹಚ್ಚುವಾಗ, ಮಾರ್ಸೆಲಿನೊನ ಗೋರಿಯ ಹತ್ತಿರ ಅವನು ಹೋಗಿ ನಿಂತ. ಅವಳು ತಲೆ ಎತ್ತದೆ ಕೇಳಿದಳು:

"ಅಣ್ಣಾ, ಇವ್ರಿಗೆ ಈಗ ಒಟ್ಟು ಎಷ್ಟು ಜನ ಮಕ್ಕಳು? ನಿನ್ನ ಪುಸ್ತಕ ನೋಡಿ ಹೇಳು."

ಅವನು ತಂದ ಮೇಣದಬತ್ತಿಯನ್ನು ಹಚ್ಚದೆ ವಾಪಸು ತೆಗೆದುಕೊಂಡು ಹೋದ.

ಹೊರಗಿಟ್ಟ ವರ್ಷಗಳು ಮುಗಿಯುವಷ್ಟರಲ್ಲಿ ಅಡೆಲಿನೊನ ಮೊಣಕಾಲು ಸವೆದಿತ್ತು. ಈಗ ಅವನು ಮಾರುಕಟ್ಟೆಯಿಂದ ಕಡಲದಂಡೆಗೆ ಹೋಗುವ ಸಣ್ಣ ಬಸ್ಸು ಓಡಿಸುತ್ತಾನೆ. ಮಾವ ಅಳಿಯ ಮಾತು ಬಿಟ್ಟು ಆರು ವರ್ಷವಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಜೆಫೆರಿನೊ ಸಿಕ್ಕಿದ ಬಸ್ಸು ಹತ್ತಿದ. ಮಂಡಿಗೆ ಮಂಡಿ ತಾಗುವ ಹಾಗೆ ಕೂತ ಮೇಲೆಯೇ, ಮುಂದಿನ ಕನ್ನಡಿಯಲ್ಲಿ ಅಡೆಲಿನೊನ ಕಣ್ಣು ಕಂಡದ್ದು. ಇಳಿಯಬೇಕೆಂದರೆ ನಾಣ್ಯದಿಂದ ಮೇಲಿನ ಸರಳನ್ನು ಬಡಿಯಬೇಕು. ನಾಣ್ಯ ಕೈಯಲ್ಲಿತ್ತು. ಬಡಿಯಲಿಲ್ಲ.

ಬಸ್ಸಿನಲ್ಲಿ ಹಿಂದಿನ ದಿನದ ಪಂದ್ಯದ ಮಾತು. ತಂಡ ಮತ್ತೆ ಸೋತಿತ್ತು. ಕೋಳಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಒಬ್ಬ, ನಮ್ಮ ಗೋಲ್‌ಕೀಪರ್ ಬಲೆ ಕಾಯ್ತಾನೋ ಬಲೆ ನೇಯ್ತಾನೋ ಎಂದು ಎಲ್ಲರನ್ನೂ ನಗಿಸಿದ. ಇನ್ನೊಬ್ಬ, ಹಿಂದೆ ಒಮ್ಮೆ ಎರಡು–ಒಂದರಲ್ಲಿ ಗೆದ್ದಿದ್ದೆವಲ್ಲ, ಕೊನೇ ನಿಮಿಷದಲ್ಲಿ, ಯಾರು ಹೊಡೆದದ್ದು ಅದು ಎಂದ. ಅದು ಯಾವನೋ ಹೊರಗಿನವನು, ಆಗ ಇದ್ದವರೆಲ್ಲ ಹೊರಗಿನವರೇ, ಎಲ್ಲ ಮೋಸ ಎಂದ ಕೋಳಿಯವನು.

ಜೆಫೆರಿನೊ ಕನ್ನಡಿಯನ್ನು ನೋಡಿದ. ಅಡೆಲಿನೊ ಹೇಳುತ್ತಾನೆ ಎಂದು ಕಾದ. ಅಡೆಲಿನೊ ಗೇರು ಬದಲಾಯಿಸಿದ.

"ಹೊರಗಿನವ್ನಲ್ಲ," ಎಂದ ಜೆಫೆರಿನೊ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು. "ಆ ಗೋಲು ಹೊಡೆದವ್ನು ಇಲ್ಲೇ ಇದಾನೆ. ಈ ಬಸ್ಸು ಓಡಿಸ್ತಿರೋನು."

ಎಲ್ಲರೂ ಡ್ರೈವರನ ಬೆನ್ನು ನೋಡಿದರು. ಆಮೇಲೆ ಕೋಳಿಯವನು ಮೆಲ್ಲಗೆ ನಕ್ಕ. ಕೆಟ್ಟ ನಗುವಲ್ಲ, ವಯಸ್ಸಾದವರ ಮುಂದೆ ನಗುವಂಥದ್ದು.

"ಅಜ್ಜಾ, ಎಲ್ಲಿ ಬರ್ದಿದೆ ಹಂಗಂತ?"

ಮೂವತ್ತೊಂದು ವರ್ಷ ಬರೆದವನು ಕನ್ನಡಿಯ ಕಡೆ ನೋಡಿದ. ಅಲ್ಲಿದ್ದ ಕಣ್ಣುಗಳು ರಸ್ತೆಯನ್ನು ಬಿಟ್ಟು ಕದಲಲಿಲ್ಲ.

"ಬಿಡಿ ಅಣ್ಣಾ," ಎಂದ ಅಡೆಲಿನೊ, ಕೋಳಿಯವನಿಗೆ. "ಅವ್ರು ನನ್ನ ನೋಡಿ ಬೇರೆ ಯಾರೋ ಅಂದ್ಕೊಂಡಿದಾರೆ."