ಬಿಸಿಲಿಗೆ ಹರವಿದ ಫ್ಲಾಪಿಗಳು

ನಮ್ಮ ಆಫೀಸು ಷಮೀಮ್‌ಗೆ ಮಾಡಿದ್ದನ್ನು ನೆನೆದರೆ ಇಂದಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದ ಹುಸೇನ್ ಸಾಬರ ಮಗಳು ಅವಳು. ತೊಂಬತ್ತನೇ ಇಸವಿಯಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿಗೆ ಸೇರಿದ್ದಳು. ಕಂಪ್ಯೂಟರಿಗೆ ಸೇರಿಸಿದ ಮಾಹಿತಿ ಕೆಡದಂತೆ, ಬೇಕಾದಾಗ ಕೈಗೆ ಸಿಗುವಂತೆ ಕಾಪಾಡುವುದು ಹೇಗೆಂಬುದು ಅವಳ ವಿಷಯ. ಬೀರುವಿಗೆ ಬೀಗ ಹಾಕಿದರಾಯಿತು, ಅದಕ್ಕೂ ಓದು ಬೇಕೆ ಎಂದು ನಮ್ಮವರು ನಗುತ್ತಿದ್ದರು.

ಪ್ರಬಂಧಕ್ಕೆಂದು ಅವಳು ಬಂದದ್ದು ಚಿಕ್ಕಬಳ್ಳಾಪುರದ ಹೊರಗಿದ್ದ ನಮ್ಮ ರೇಷ್ಮೆ ತರಬೇತಿ ಕೇಂದ್ರಕ್ಕೆ. ನಾನಲ್ಲಿ ಟೈಪಿಸ್ಟ್. ಊರೂರಿನ ರೇಷ್ಮೆಹುಳುಗಳಿಗೆ ಬಂದ ರೋಗದ ಹಳೆಯ ವರದಿಗಳು ಗೆದ್ದಲು ಹಿಡಿದು ಬಿದ್ದಿದ್ದವು. ಗೆದ್ದಲು ತಿಂದ ಕಡೆ ಆಯಾ ಊರಿಗೇ ಹೋಗಿ ಕೇಳಿಕೊಂಡು ಬಂದು, ವರ್ಷವಿಡೀ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಹತ್ತಿಸಿದಳು. ಹೆಡ್ ಆಫೀಸು ಬೇಡವೆಂದು ಬಿಟ್ಟುಕೊಟ್ಟ ಹಳೇ ಯಂತ್ರ ಅದು. ಒಳಗೆ ಏನೂ ಉಳಿಯುತ್ತಿರಲಿಲ್ಲ, ಎಲ್ಲ ಫ್ಲಾಪಿಯಲ್ಲೇ.

ಅವಳು ಫ್ಲಾಪಿಗಳಲ್ಲಿ ಎರಡು ಪ್ರತಿ ಮಾಡಿದಳು. ‘ಒಂದು ಬೇರೆ ಕಡೆ ಇರ್ಲಿ ಸಾರ್, ಯೂನಿವರ್ಸಿಟೀಲಿ ಇಡ್ತೀನಿ’ ಎಂದು ಸೂಪರಿಂಟೆಂಡೆಂಟ್ ಚೆನ್ನರಾಯಪ್ಪನವರನ್ನು ಕೇಳಿದಳು.

‘ಸರ್ಕಾರದ ಸಾಮಾನು ಗೇಟು ದಾಟಂಗಿಲ್ಲಮ್ಮ’ ಎಂದರು ಅವರು.

ಎರಡೂ ಪ್ರತಿ ಒಂದೇ ಬೀರು ಸೇರಿದವು. ಅವಳು ಬೇಡ ಬೇಡವೆಂದರೂ ಮೂಲ ಕಾಗದಗಳನ್ನು ಅವರು ರದ್ದಿಗೆ ಹಾಕಿಸಿದರು. ಅವೂ ಸರ್ಕಾರದ ಸಾಮಾನೇ ಎಂಬುದು ಆ ಮಹಾಶಯರಿಗೆ ಆಗ ಹೊಳೆಯಲಿಲ್ಲ.

ಹೊಸ ಬೆಳೆಗೆ ಹುಳು ತರುವ ಮುಂಚೆ ಹುಳುಮನೆಯನ್ನೂ ತಟ್ಟೆಗಳನ್ನೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯುವುದು ನಮ್ಮಲ್ಲಿ ವಾಡಿಕೆ. ಆ ಸಲ ಮೇಲಿನವರ ತಪಾಸಣೆಯಿತ್ತು. ಆಫೀಸನ್ನೂ ಬಿಡಬೇಡಿ, ಬೀರುವಿನೊಳಗಿನದೂ ತೊಳೆಯಿರಿ ಎಂದು ಚೆನ್ನರಾಯಪ್ಪನವರ ಅಪ್ಪಣೆಯಾಯಿತು. ಹುಳುಮನೆಯಲ್ಲಿ ಕೆಲಸ ಮಾಡುತ್ತಿದ್ದ ಮಂಗಮ್ಮ ಪಾಪ, ‘ಈ ಕರೀ ಬಿಲ್ಲೆಗಳ್ನೂನಾ ಸಾರ್?’ ಎಂದು ಕೇಳಿಯೇ ಕೇಳಿದಳು.

‘ಎಲ್ಲಾನೂ ಅಂದ್ನಲ್ಲಮ್ಮ’ ಎಂದರು ಕುರ್ಚಿಯಿಂದ ಏಳದೆ.

ಮರುದಿನ ಷಮೀಮ್ ಬಂದಾಗ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಅಷ್ಟೂ ಫ್ಲಾಪಿಗಳು ಬಿಸಿಲಿಗೆ ಒಣಗುತ್ತಿದ್ದವು. ಒಂದನ್ನೂ ಕಂಪ್ಯೂಟರ್ ಓದಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು. ನನಗಂತೂ ಆ ಮನುಷ್ಯನ ಕೊರಳಪಟ್ಟಿ ಹಿಡಿಯಬೇಕೆನಿಸಿತ್ತು.

ಕೇಂದ್ರದ ಪ್ರಮಾಣಪತ್ರವಿಲ್ಲದೆ ಪ್ರಬಂಧವನ್ನು ಒಪ್ಪುತ್ತಿರಲಿಲ್ಲ, ಪ್ರಬಂಧವಿಲ್ಲದೆ ಪದವಿಯಿಲ್ಲ. ಅದು ಗೊತ್ತಿದ್ದೇ ಚೆನ್ನರಾಯಪ್ಪನವರು, ‘ಫ್ಲಾಪಿ ತಾನಾಗೇ ಕೆಟ್ಟೋಯ್ತು ಅಂತ ಬರ್ಕೊಡಮ್ಮ, ಸರ್ಟಿಫಿಕೇಟಿಗೆ ಸೈನ್ ಹಾಕ್ತೀನಿ’ ಎಂದರು.

ಹುಸೇನ್ ಸಾಬರೂ ಬಂದು ಮಗಳನ್ನು ಅಂಗಲಾಚಿದರು. ‘ಬರ್ದ್ಬಿಡು ಬೇಟಿ, ಏನಾಗ್ತೈತೆ?’

‘ಇದ್ದಿದ್ದನ್ನ ಇದ್ದಂಗೇ ಕಾಪಾಡ್ಬೇಕು ಅಂತಾನೇ ಅಬ್ಬಾ ನಾನು ಓದಿದ್ದು’ ಎಂದಳು ಷಮೀಮ್. ಅವಳು ಬರೆದುಕೊಡಲಿಲ್ಲ. ಪದವಿ ಬರಲಿಲ್ಲ.

ತಪಾಸಣೆಯವರು ಕೇಂದ್ರ ಚೊಕ್ಕಟವಾಗಿದೆಯೆಂದು ಹೊಗಳಿ ಹೋದರು. ಮುಂದಿನ ಮಳೆಗಾಲದಲ್ಲಿ ತೊಂಡೇಬಾವಿಯ ರೈತರು ಬಂದರು. ಹುಳುಗಳು ರಾಶಿರಾಶಿ ಸಾಯುತ್ತಿದ್ದವು. ಹಿಂದೆ ಈ ರೋಗ ಬಂದಾಗ ಏನು ಮಾಡಿಸಿದ್ದಿರಿ ಎಂದು ಕೇಳಿದರು. ಚೆನ್ನರಾಯಪ್ಪನವರು ಒಂದಿಷ್ಟೂ ನಾಚಿಕೆಯಿಲ್ಲದೆ ನನ್ನ ಕಡೆ ತಿರುಗಿದರು.

‘ಅನಸೂಯಮ್ಮ, ಆ ಹುಡುಗಿ ಅಡ್ರೆಸ್ ಇದೆಯೇನ್ರೀ? ಅವಳಿಗೆ ಜ್ಞಾಪಕ ಇದ್ರೂ ಇರಬೋದು.’