ಮೀನು ಯಾಕೆ ಸತ್ತವೆಂದು ಕೇಳಲು ಗುಬ್ಬಿಗೂ ಕುಣಿಗಲ್ಲಿಗೂ

ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಮುಂಚೆಯೇ ತುಮಕೂರು ಸ್ಟೇಷನ್ನಿನಲ್ಲಿ ಮೀನುಮರಿ ಸಿಕ್ಕರೆ ತರೋಣವೆಂದು ಖಾಲಿ ಎಣ್ಣೆ ಡಬ್ಬ ಹಿಡಿದು ನಿಂತಿದ್ದೆ. ಗುಬ್ಬಿ ಕಡೆ ಹೋಗುವ ಪ್ಯಾಸೆಂಜರ್ ಎಂದಿನಂತೆ ತಡ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನಗೆ ವಾರಕ್ಕೆ ಅದೊಂದೇ ರಜ. ಅದನ್ನು ಹೀಗೆ ಹಾಳು ಮಾಡಿಕೊಳ್ಳಲು ಕಾರಣವಿತ್ತು. ನಮ್ಮ ಹಿತ್ತಿಲ ತೊಟ್ಟಿಯಲ್ಲಿದ್ದ ನಲವತ್ತು ಮೀನು ಒಂದೇ ಬೆಳಿಗ್ಗೆ ಯಾಕೆ ಸತ್ತವು ಅನ್ನುವುದು ನನಗೆ ಗೊತ್ತಾಗಬೇಕಿತ್ತು.

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಸಾಕಿದ್ದು ಸೊಪ್ಪಿಗಾಗಿ. ಮೀನು ಇರುವ ನೀರನ್ನು ಜಲ್ಲಿ ತುಂಬಿದ ಮಡಿಗೆ ಹುಯ್ಯುವುದು, ಆ ನೀರಿನ ಸತ್ವ ಹೀರಿಕೊಂಡು ಸೊಪ್ಪು ಬೆಳೆಯುವುದು, ಸೋಸಿದ ನೀರು ಮತ್ತೆ ತೊಟ್ಟಿಗೆ ಇಳಿಯುವುದು. ಮಣ್ಣೂ ಬೇಡ, ಗೊಬ್ಬರವೂ ಬೇಡ. ಈ ಹುಚ್ಚು ಹಿಡಿಸಿದವರು ಗುಬ್ಬಿಯ ರಂಗಪ್ಪ ಮೇಷ್ಟ್ರು, ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು. ನಾನು ಸಿಮೆಂಟಿನ ತೊಟ್ಟಿ ಕಟ್ಟಿದೆ, ಅರ್ಧ ಕೊಯ್ದ ಡ್ರಮ್ಮನ್ನು ಅದರ ಮೇಲೆ ಕೂರಿಸಿ ಜಲ್ಲಿ ತುಂಬಿದೆ, ಪೈಪ್ ಜೋಡಿಸಿದೆ. ಕಬ್ಬಿಣದ ಕೆಲಸ ಎಲ್ಲ ಸರಿಯಾಗಿಯೇ ಆಯಿತು. ಜೀವದ ಕೆಲಸ ಮಾತ್ರ ನನಗೆ ತಿಳಿಯಲಿಲ್ಲ.

ಹೊಸ ನೀರು ಅಂತ ನನ್ನ ಹೆಂಡತಿ ಗಿರಿಜ ದಿನಾ ತೊಟ್ಟಿಗೆ ಗಂಗೆ ಪೂಜೆ ಮಾಡುತ್ತಿದ್ದಳು. ಚಿಟಿಕೆ ಅರಿಶಿನ ಕುಂಕುಮ, ಎರಡು ಹೂವು, ಒಂದು ಚಮಚ ಹಾಲು. ತಿಂಗಳಿನ ಮೂರು ದಿನ ಅವಳು ಹೊರಗೆ ಕೂತಾಗ ಪೂಜೆ ನನ್ನ ಪಾಲಿಗೆ ಬಂತು. ಮೂರನೆಯ ಸಂಜೆ ಅವಳು, ಪಾಪ, ಮರಿಗಳನ್ನು ನೋಡುವ ಆಸೆಗೆ ತೊಟ್ಟಿಯ ಅಂಚಿಗೆ ಕೈಯಿಟ್ಟು ಬಗ್ಗಿದಳು. ಅಮ್ಮ ಕಂಡಳು. ಮಾರನೆಯ ಬೆಳಿಗ್ಗೆ ನಲವತ್ತೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ಮುಟ್ಟಾದವ್ಳು ಗಂಗೆ ಮುಟ್ಟಿದ್ಲು, ಇನ್ನೇನಾಗ್ತದೆ" ಅಂದಳು ಅಮ್ಮ. ಗಿರಿಜ ಒಂದೊಂದೇ ಮೀನು ಆರಿಸಿ ಹೂತಳು. ಅವತ್ತಿನಿಂದ ಒಂದು ತಿಂಗಳು ತೊಟ್ಟಿಯ ಕಡೆ ಹೋಗಲಿಲ್ಲ, ಹೊಟ್ಟೆ ತುಂಬ ಉಣ್ಣಲೂ ಇಲ್ಲ. "ಅದೆಲ್ಲ ಮೂಢನಂಬಿಕೆ ಕಣೇ" ಅಂದೆ. "ಹಾಗಾದ್ರೆ ಯಾಕೆ ಸತ್ತವು, ಹೇಳಿ" ಅಂದಳು.

ಗುಬ್ಬಿಯಲ್ಲಿ ಇಳಿದಾಗ ಎಂಟೂವರೆ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಕಾಫಿ ಕುಡಿದು ಮೇಷ್ಟ್ರ ಮನೆಗೆ ನಡೆದೆ. ಅವರು ಬನಿಯನ್ನಿನಲ್ಲಿ ಕೂತು ಹರಿವೆ ಸೊಪ್ಪು ಸೋಸುತ್ತಿದ್ದರು. ಮೀನು ಸತ್ತದ್ದು ಹೇಳಿದೆ.

"ಏನ್ಲಾ ನಾಗರಾಜ, ಸಿಮೆಂಟಿನ ಸುಣ್ಣ ಬಿಡಿಸಿದ್ಯೇನೋ?"

"ಮೂರು ಸಲ ನೀರು ಬದಲಾಯಿಸಿದ್ದೆ ಸಾರ್."

"ಹಂಗಾದ್ರೆ ಬಿಸಿಲು ಜಾಸ್ತಿ ಆಗೈತೆ."

"ತೊಟ್ಟಿ ನೆರಳಲ್ಲಿದೆ."

"ನೆರಳಾ? ಹಂಗಾದ್ರೆ ಬಿಸಿಲು ಕಮ್ಮಿ ಆಗೈತೆ!"

ಒಂದು ಗಂಟೆ ಹೀಗೇ ನಡೆಯಿತು. ಜಲ್ಲಿ ತೊಳೆದಿಲ್ಲ ಅಂದರು, ತೊಳೆದಿದ್ದೆ ಅಂದೆ. ತೊಳೆಯಬಾರದಿತ್ತು ಅಂದರು. ನೆಲದ ಮೇಲೆ ಸೀಮೆಸುಣ್ಣದಿಂದ ಬಾಣಗಳ ಚಿತ್ರ ಬರೆದು ತೋರಿಸಿದರು. ಮೀನಿನಿಂದ ಗಿಡಕ್ಕೆ, ಗಿಡದಿಂದ ಮೀನಿಗೆ. ಎಲ್ಲಿ ಶುರು, ಎಲ್ಲಿ ಕೊನೆ ನನಗೆ ಗೊತ್ತಾಗಲಿಲ್ಲ. "ಅಂತೂ ಯಾಕೆ ಸತ್ತವು ಸಾರ್?" ಅಂದರೆ ಕನ್ನಡಕ ತೆಗೆದು ಒರೆಸಿಕೊಂಡರು. "ನಂದೂ ಎರಡು ಸಲ ಸತ್ತವು ಕಣೋ. ನಂಗೂ ಗೊತ್ತಾಗ್ಲಿಲ್ಲ. ಕುಣಿಗಲ್ ಕೆರೆ ಹತ್ರ ಮುನಿಯಣ್ಣ ಅಂತ ಅವ್ನೆ, ಮೀನುಮರಿ ಕೊಡೋನು. ಅವನನ್ನ ಕೇಳು." ಅಯ್ಯೋ ನನ್ನ ಗ್ರಹಚಾರವೇ, ಇದನ್ನು ಮೊದಲೇ ಹೇಳಬಾರದಿತ್ತೇ ಅಂದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ.

ಗುಬ್ಬಿಯಿಂದ ಮತ್ತೆ ತುಮಕೂರಿಗೆ ಬಂದು ಕುಣಿಗಲ್ ಬಸ್ ಹತ್ತಿದೆ. ಮನೆಗೆ ಹತ್ತೇ ನಿಮಿಷದ ದಾರಿ, ಆದರೂ ಹೋಗಲಿಲ್ಲ. ಉತ್ತರ ಇಲ್ಲದೆ ಗಿರಿಜಳ ಮುಖ ನೋಡಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲ, ಬಿಸಿಲು ಧಗಧಗ. ಹೆಬ್ಬೂರಿನಲ್ಲಿ ನಿಂತಾಗ ಒಂದು ಲೋಟ ಮಜ್ಜಿಗೆ ಕುಡಿದೆ. ಖಾಲಿ ಡಬ್ಬಕ್ಕೂ ಲಗೇಜ್ ಹಾಕ್ತೀನಿ ಅಂತ ಕಂಡಕ್ಟರ್ ಜಗಳ ತೆಗೆದ. ನನಗೆ ಜಗಳಾಡುವ ತ್ರಾಣವೂ ಇರಲಿಲ್ಲ. ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಸುಣ್ಣ, ಬಿಸಿಲು, ನೆರಳು, ಜಲ್ಲಿ ಎಲ್ಲ ತಲೆಯಲ್ಲಿ ಕಲಸಿಹೋಗಿದ್ದವು.

ಮುನಿಯಣ್ಣ ಕೆರೆ ಏರಿಯ ಕೆಳಗೆ ಬಲೆ ಹೆಣೆಯುತ್ತ ಕೂತಿದ್ದರು. ಅರವತ್ತು ದಾಟಿದ ಬೆಸ್ತರ ಮನುಷ್ಯ, ತಲೆಗೆ ಕೆಂಪು ಟವೆಲ್ಲು. ನನ್ನ ಕಥೆಯನ್ನೆಲ್ಲ ಕೇಳಿ, "ತಿನ್ನಾಕಿಲ್ವಾ? ಮತ್ಯಾಕೆ ಸಾಮಿ ಸಾಕ್ತೀರಿ?" ಅಂದರು. ಸೊಪ್ಪಿನ ವಿಷಯ ಹೇಳಿದೆ. ನಂಬಲಿಲ್ಲ, ಆದರೂ ನಗಲಿಲ್ಲ.

"ಸತ್ತ ದಿನ ನೀರು ಹೆಂಗಿತ್ತು?"

"ಸ್ವಲ್ಪ ಮಬ್ಬಾಗಿತ್ತು. ಹುಳಿ ವಾಸನೆ."

"ನೀರ್ಗೆ ಏನ್ ಹಾಕಿದ್ರಿ?"

"ಏನೂ ಇಲ್ಲ. ಪೂಜೆ ಅಷ್ಟೇ. ಅರಿಶಿನ, ಕುಂಕುಮ, ಹಾಲು."

"ಹಾಲಾ? ಎಷ್ಟು?"

"ನನ್ನ ಹೆಂಡತಿ ಹಾಕ್ತಿದ್ದದ್ದು ಒಂದು ಚಮಚ," ಅಂದೆ. ಅಷ್ಟು ಹೇಳಿದ್ದೇ ತಡ, ಹೊಳೆಯಿತು. ಆ ಮೂರು ದಿನ ಪೂಜೆ ಮಾಡಿದವನು ನಾನು. ದೇವರ ಮೇಲೆ ಅಷ್ಟೇನೂ ನಂಬಿಕೆ ಇಲ್ಲದವನು, ಮಾಡುವುದು ಮಾಡಿದರೆ ಧಾರಾಳವಾಗಿ ಮಾಡೋಣ ಅಂತ ದಿನಕ್ಕೊಂದು ತುಂಬಿದ ಚೊಂಬು ಹಾಲು ಸುರಿದಿದ್ದೆ. ಅದನ್ನೂ ಹೇಳಿದೆ.

"ಮೂರು ಚೊಂಬು!" ಮುನಿಯಣ್ಣ ಬಲೆ ಕೆಳಗಿಟ್ಟರು. "ಕೆರೆಗಾದ್ರೆ ಸರಿ ಬುಡಿ, ಗಂಗಮ್ಮ ತಡ್ಕಂತಾಳೆ. ತೊಟ್ಟಿ ನೀರು ಕೊಳೀತದೆ ಸಾಮಿ, ಮೀನ್ಗೆ ಉಸ್ರು ಕಟ್ತದೆ."

"ಹೆಂಗಸರು ಮುಟ್ಟಿದರೆ...?" ನಾಚಿಕೆಯಿಂದಲೇ ಕೇಳಿದೆ.

"ನಮ್ಮನೆ ಹೆಂಗಸ್ರು ಎಲ್ಲಾ ದಿನಾನೂ ಮೀನು ಮುಟ್ತಾರೆ. ಒಂದೂ ಸತ್ತಿಲ್ಲ."

ಉತ್ತರ ಸಿಕ್ಕ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಒಂದು ತಿಂಗಳು ಅವಳು ನನ್ನ ಪಾಪ ಹೊತ್ತಿದ್ದಳು. ಒಂದು ಕ್ಷಣ, ಸಿಮೆಂಟು ಅಂತ ಸುಳ್ಳು ಹೇಳಿಬಿಡೋಣ ಅಂತಲೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು.

ಮುನಿಯಣ್ಣ ಇಪ್ಪತ್ತು ಮರಿ ಡಬ್ಬಕ್ಕೆ ಬಿಟ್ಟು, ನೀರನ್ನು ಕೈಯಿಂದ ಕಲಕಿ ತೋರಿಸಿದರು. "ದಾರಿಯುದ್ದಕ್ಕೂ ಹಿಂಗೆ ಆಡಿಸ್ತಾನೇ ಇರಿ. ಕೈ ನಿಂತ್ರೆ ಹೋದವು." ವಾಪಸ್ ಬಸ್ಸಿನಲ್ಲಿ ಡಬ್ಬ ಕಾಲ ಮಧ್ಯೆ ಇಟ್ಟು ಕಲಕುತ್ತಲೇ ಕೂತೆ. ನೀರು ಚೆಲ್ಲಿ ಪಕ್ಕದವರ ಪಂಚೆ ಒದ್ದೆಯಾಯಿತು, ಬೈದರು. ಬೈಯಿಸಿಕೊಂಡೆ. ತೋಳು ಬಿದ್ದುಹೋಗುವಂತಾಗಿದ್ದಾಗ ತುಮಕೂರು ಬಂತು.

ಮನೆ ಮುಟ್ಟಿದಾಗ ಸಂಜೆ ಬೆಳಕು ಇನ್ನೂ ಇತ್ತು. ಗಿರಿಜ ಹಿತ್ತಿಲ ಬಾಗಿಲಾಚೆ ಚಾಪೆ ಹಾಕಿಕೊಂಡು ಕೂತಿದ್ದಳು. ನಾನು ಹೊರಟ ಮೇಲೆ ಮತ್ತೆ ಹೊರಗಾಗಿದ್ದಳು. ಡಬ್ಬ ಕಂಡಿದ್ದೇ ಅಮ್ಮ, "ನೀನು ಆ ಕಡೆ ಮುಖ ಮಾಡಿ ಕೂತ್ಕೋ ಕಣೇ, ಇವಾದ್ರೂ ಬದುಕ್ಲಿ" ಅಂದಳು. ಗಿರಿಜ ನಿಜವಾಗಿಯೂ ಗೋಡೆ ಕಡೆ ತಿರುಗಿ ಕೂತಳು.

"ಅಮ್ಮ, ಮೀನು ಕೊಂದವನು ನಾನು," ಅಂದೆ. ಚೊಂಬಿನ ವಿಷಯ, ಮುನಿಯಣ್ಣನ ಮಾತು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಗಿರಿಜ ನಿಧಾನವಾಗಿ ತಿರುಗಿದಳು.

"ಚೊಂಬಾ?" ಅಂದಳು. "ನಾನು ಹಾಕ್ತಿದ್ದದ್ದು ಒಂದು ಚಮಚ ಕಣ್ರೀ."

"ಹೌದು."

"ಒಂದು ತಿಂಗಳು ಕಣ್ರೀ."

ಡಬ್ಬವನ್ನು ಅವಳ ಮುಂದಿಟ್ಟೆ. "ನೀನೇ ಬಿಡು" ಅಂದೆ. ಅವಳು ಅಮ್ಮನ ಮುಖ ನೋಡಿದಳು. ನನ್ನ ಕೈ ನಿಂತಿದ್ದರಿಂದ ಮರಿಗಳು ಆಗಲೇ ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಒಂದು ವಾಲಿತ್ತು. "ನೀರು ಕಲಕಬೇಕು, ಇಲ್ಲದಿದ್ದರೆ ಹೋಗ್ತವೆ" ಅಂದಿದ್ದೇ, ಅಪ್ಪಣೆಗೆ ಕಾಯದೆ ಗಿರಿಜ ಮೊಣಕೈವರೆಗೆ ಕೈಯಿಳಿಸಿ ಕಲಕಿದಳು. ಹಾಗೇ ಎತ್ತಿಕೊಂಡು ಹೋಗಿ ನಾನು ತೊಳೆದು ಹೊಸ ನೀರು ತುಂಬಿಟ್ಟಿದ್ದ ತೊಟ್ಟಿಯೊಳಗೆ ಡಬ್ಬ ಬಗ್ಗಿಸಿದಳು. ಮರಿಗಳು ಒಂದೊಂದಾಗಿ ಇಳಿದು ತಳ ಸೇರಿದವು, ವಾಲಿದ್ದೂ ಕೊನೆಗೆ ಹೋಯಿತು.

ಅವಳು ಕೈಯನ್ನು ನೀರಿನಿಂದ ತೆಗೆಯಲೇ ಇಲ್ಲ. ಬಗ್ಗಿದ್ದ ಹಾಗೇ ಅಳುತ್ತ ಕೇಳಿದಳು, "ನನ್ನಿಂದ ಅಲ್ಲ, ಅಲ್ವಾ ಅತ್ತೆ?"

ಅಮ್ಮ ಹಿತ್ತಿಲಿಗಿಳಿದು ಹೋಗಿ, ಮೂರು ದಿನ ಮುಟ್ಟಬಾರದ ಸೊಸೆಯ ಬೆನ್ನ ಮೇಲೆ ಕೈಯಿಟ್ಟು, "ಅಲ್ಲ ಕಣವ್ವ" ಅಂದಳು.