ಖಾಲಿ ಸಾಲು ಬಿಡದ ಶಿವನಂಜಯ್ಯ

ಮಗ್ಗದ ಗುಣಿಯಲ್ಲಿ ಕೂತರೆ ಸೊಂಟ ಹಿಡಿಯುತ್ತದೆಂದು ನೆಪ ಹೇಳಿ ಅಪ್ಪನ ರೇಷ್ಮೆ ನೂಲಿನಿಂದ ತಪ್ಪಿಸಿಕೊಂಡ ಶಿವನಂಜಯ್ಯ, ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತು ಅದೇ ಸೊಂಟ ಹಾಳುಮಾಡಿಕೊಂಡ. ಕೊಳ್ಳೇಗಾಲದಲ್ಲಿ ಆಗ ಒಂದು ಸಣ್ಣ ಧರ್ಮಾಸ್ಪತ್ರೆಯಿತ್ತು. ಅವನು ಅಲ್ಲಿಯ ಗುಮಾಸ್ತ. ಮೇಜಿನ ಮೇಲೆ ಎರಡು ಪುಸ್ತಕ. ಔಷಧಿ ಇಸಿದುಕೊಂಡು ಮನೆಗೆ ಹೋಗುವವರು ಹೊರರೋಗಿಗಳ ಪುಸ್ತಕಕ್ಕೆ, ಮಂಚ ಹಿಡಿಯುವವರು ಒಳರೋಗಿಗಳ ಪುಸ್ತಕಕ್ಕೆ. ಹೊರಗಿನವನು ಒಳಗಿನವನಾಗಲು ಡಾಕ್ಟರು ಚೀಟಿ ಬರೆದರೆ ಸಾಲದು, ಶಿವನಂಜಯ್ಯ ಹೊತ್ತು ಹಾಕಿ ಬರೆಯಬೇಕು.

ಬೆಳಗಿನ ಚೀಟಿಗಳನ್ನೆಲ್ಲ ಅವನು ತಂತಿಗೆ ಚುಚ್ಚಿಟ್ಟು, ಊಟವಾದ ಮೇಲೆ ಒಟ್ಟಿಗೆ ಬರೆಯುತ್ತಿದ್ದ. ಬರೆದ ಹೊತ್ತೇ ಸೇರಿದ ಹೊತ್ತು. ಅವನ ಪುಸ್ತಕದಲ್ಲಿ ಹೊಡೆದುಹಾಕಿದ ಅಕ್ಷರವಿಲ್ಲ, ನಡುವೆ ಖಾಲಿ ಸಾಲಿಲ್ಲ. ಅದೇ ಅವನ ಜಂಬ, ಪಾಪ, ಬೇರೇನಿತ್ತು?

೧೯೬೪ರ ಒಂದು ಬೆಳಿಗ್ಗೆ ಹನೂರಿನಾಚೆಯ ಕಾಡಿನಿಂದ ಕೇತಮ್ಮ ತನ್ನ ಗಂಡ ಪುಟ್ಟಬೊಮ್ಮನನ್ನು ಕರೆತಂದಳು. ಮೈ ಸುಡುವ ಜ್ವರ. ಹತ್ತು ಗಂಟೆಗೆ ಡಾಕ್ಟರು ಒಳಗೆ ಸೇರಿಸಲು ಚೀಟಿ ಬರೆದು ಯಳಂದೂರಿಗೆ ಹೊರಟುಹೋದರು. ಚೀಟಿ ತಂತಿಗೇರಿತು, ಪುಟ್ಟಬೊಮ್ಮ ಮಂಚಕ್ಕೇರಿದ. ಹನ್ನೆರಡಕ್ಕೆ ಸತ್ತ.

ಒಳಗಿನ ಪುಸ್ತಕದಲ್ಲಿ ಹೆಸರಿಲ್ಲದವನು ಅಲ್ಲಿ ಸತ್ತರೆ, ದಾರಿಯಲ್ಲೇ ಸತ್ತು ಬಂದರೂ, ಪೊಲೀಸರಿಗೆ ತಿಳಿಸಿ ಹೆಣ ಕೊಯ್ಯಿಸಬೇಕು ಎಂಬುದು ಆ ಆಸ್ಪತ್ರೆಯ ಕಟ್ಟಳೆ.

"ಅತ್ತು ಗಂಟೆ ಅಂತ ಬರ್ದುಬುಡಿ, ಚೀಟಿ ಅದೆಯಲ್ಲ," ಎಂದ ಕಾಂಪೌಂಡರ್ ನಾಗಯ್ಯ.

"ಈಗ ಅನ್ನೆರಡೂಕಾಲು ಕಣಯ್ಯ. ಕಳ್ದೋದ ವೊತ್ತ ಎಲ್ಲಿಂದ ತರ್ಲಿ?"

ಕೇತಮ್ಮ ಮೇಜಿನ ಅಂಚು ಹಿಡಿದಳು. "ಕುಯ್ಯದು ಬ್ಯಾಡ ಅನ್ನಿ ಸಾ. ಇಡಿಯಾಗಿ ಕೊಡಿ, ತಕಂಡೋಯ್ತೀನಿ. ಮಂಚದ್ ಮ್ಯಾಲೆ ಮನಗಿದ್ದುದ್ದ ನೀವೇ ನೋಡುದ್ರಲ್ಲ."

"ನೋಡ್ದೆ ಕಣವ್ವ. ಪುಸ್ತಕದಲ್ಲಿಲ್ವಲ್ಲ, ನಾನೇನ್ ಮಾಡ್ಲಿ?"

ಕೊಯ್ದರು. ಕೊಯ್ದ ಹೆಣವನ್ನು ಹನೂರಿನ ಕಡೆಗೆ ಹತ್ತಿಸಿಕೊಳ್ಳುವ ಲಾರಿ ಸಿಗದೆ ಊರಾಚೆ ಮಣ್ಣು ಮಾಡಿದರು. ಕೇತಮ್ಮ ಒಬ್ಬಳೇ ಬಸ್ಸು ಹತ್ತಿದಳು. ಶಿವನಂಜಯ್ಯ ಅಂದೂ ಮುದ್ದೆ ಉಂಡ, ಕೈ ತೊಳೆದ, ಉಳಿದ ಚೀಟಿಗಳನ್ನು ಬರೆದ. ಅವನಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೇನೋ ಎಂದೂ ಅನ್ನಿಸಲಿಲ್ಲ.

ಏಳು ವರ್ಷ ಕಳೆದವು. ಒಂದು ಬೆಳಿಗ್ಗೆ ಅವನು ಪೆನ್ನಿಗೆ ಮಸಿ ತುಂಬುತ್ತಿದ್ದಾಗ ಗೇಟಿನಲ್ಲಿ ಜಟಕಾ ನಿಂತಿತು. ಪಕ್ಕದ ಮನೆಯ ಭಾಗ್ಯಮ್ಮನ ತೊಡೆಯ ಮೇಲೆ ಅವನ ಹೆಂಡತಿ ರುದ್ರಾಣಿಯ ತಲೆಯಿತ್ತು.

"ಎದೆನೋವು ಅಂದ್ಲು ಕಣಣ್ಣ. ಬಸ್ ಸ್ಟ್ಯಾಂಡ್ ತಾವ್ ಬರಗಂಟ ಮಾತಾಡ್ತಿದ್ಲು."

ಶಿವನಂಜಯ್ಯ ಹೆಂಡತಿಯ ಕೈ ಹಿಡಿದು ನೋಡಿದ. ನಾಡಿ ಇರಲಿಲ್ಲ. ಕೈಯನ್ನು ಮೆಲ್ಲಗೆ ಅವಳ ಸೆರಗಿನ ಮೇಲಿಟ್ಟು ಮೇಜಿಗೆ ವಾಪಸು ಬಂದ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಡಾಕ್ಟರ ಚೀಟಿಯಿಲ್ಲ, ಏನಿಲ್ಲ; ಒಳರೋಗಿಗಳ ಪುಸ್ತಕ ತೆರೆದು ಬರೆದ: ರುದ್ರಾಣಿ, ಮಂಚ ಆರು, ಏಳೂಮುಕ್ಕಾಲು. ಗೋಡೆ ಗಡಿಯಾರದಲ್ಲಿ ಎಂಟೂಹತ್ತು.

ನಾಗಯ್ಯ ಪುಸ್ತಕ ನೋಡಿದ, ಗಡಿಯಾರ ನೋಡಿದ. ಗೇಟಿಗೆ ಹೋಗಿ ಅವಳನ್ನು ಆರನೇ ಮಂಚಕ್ಕೆ ಹೊತ್ತುಕೊಂಡು ಬಂದ. ಡಾಕ್ಟರು ಸಹಿ ಹಾಕಿದರು. ಯಾರೂ ಕೊಯ್ಯಲಿಲ್ಲ. ಶಿವನಂಜಯ್ಯ ಹೆಂಡತಿಯನ್ನು ಇಡಿಯಾಗಿ ಮನೆಗೆ ಕರೆದುಕೊಂಡು ಹೋದ.

ತಿಥಿ ಮುಗಿಸಿ ಕೆಲಸಕ್ಕೆ ಬಂದವನು ಮೊದಲು ಮಾಡಿದ್ದು ಅಟ್ಟದಿಂದ ೧೯೬೪ರ ಒಳರೋಗಿಗಳ ಪುಸ್ತಕ ಇಳಿಸಿದ್ದು. ಅಳು ಬಂದಿರಲಿಲ್ಲ, ಆಗಲೂ ಬರಲಿಲ್ಲ. ನಾಚಿಕೆ ಮಾತ್ರ ಆಯಿತು, ಅದೂ ತಡವಾಗಿ. ಧೂಳು ಒರೆಸಿ ಆ ದಿನದ ಪುಟ ತೆರೆದ. ಪುಟ್ಟಬೊಮ್ಮ, ಹತ್ತು ಗಂಟೆ ಎಂದು ಬರೆಯಲು ಪೆನ್ನು ತೆಗೆದ.

ಮೇಲಿನ ಸಾಲಿನಲ್ಲಿ ಬಂಡಳ್ಳಿಯ ಒಬ್ಬ ರೈತ, ಕೆಳಗಿನ ಸಾಲಿನಲ್ಲಿ ಕುಂತೂರಿನ ಒಬ್ಬ ಬಾಣಂತಿ. ನಡುವೆ ಒಂದು ಹೆಸರು ಹಿಡಿಸುವಷ್ಟು ಜಾಗವನ್ನು ಶಿವನಂಜಯ್ಯ ಬಿಟ್ಟಿರಲಿಲ್ಲ.